ಗೋಳಗುಮ್ಮಟಕ್ಕೆ ಹತ್ತು ನಿಮಿಷ ಮೌನ ಬೇಕು

ನೀವು ಕೇಳಿದ್ದು ಇದು: "ಈಚೆಗೆ ಕಾರಿನಲ್ಲಿ ಸುತ್ತಿ ಬಂದ ಊರುಗಳಲ್ಲಿ ಏನೇನು ಬದಲಾದರೆ ಚೆನ್ನಾಗಿರುತ್ತೆ? ತಮಾಷೆಯ ಸಲಹೆ ಆದರೂ ಪರವಾಗಿಲ್ಲ."

ಸರಿಯಾದ ಹೊತ್ತಿಗೇ ಕೇಳಿದ್ದೀರಿ. ನಾವು ಮೈಸೂರಿನವರು. ಫೆಬ್ರವರಿ ಕೊನೆಯಲ್ಲಿ ನಾನು, ಹೆಂಡತಿ, ಹತ್ತು ವರ್ಷದ ಮಗಳು ಆರು ದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸುತ್ತಿಕೊಂಡು ಬಂದೆವು. ಸ್ಟಿಯರಿಂಗ್ ಹಿಡಿದರೆ ಸಾಕು, ನನಗೆ ಊರೂರನ್ನೇ ರಿಪೇರಿ ಮಾಡುವ ಉಮೇದು ಬರುತ್ತದೆ. ನಾನು ಹೇಳಿದ್ದನ್ನೆಲ್ಲ ಮಗಳು ಫೋನಿನಲ್ಲಿ ಬರೆದುಕೊಂಡಳು. ಪಟ್ಟಿಗೆ "ಅಪ್ಪನ ದೂರುಗಳು" ಅಂತ ಹೆಸರಿಟ್ಟಿದ್ದಾಳೆ. ದೂರಲ್ಲ ಪುಟ್ಟಿ, ಸಲಹೆ ಅಂದೆ. ಹೆಸರು ಬದಲಾಗಲಿಲ್ಲ.

ಮೊದಲು ಗೋಕಾಕ. ಘಟಪ್ರಭಾ ನದಿ 52 ಮೀಟರ್ ಎತ್ತರದಿಂದ ಧುಮುಕುತ್ತದೆ ಅಂತ ಮಗಳಿಗೆ ದಾರಿಯುದ್ದಕ್ಕೂ ಬಣ್ಣಿಸಿದ್ದೆ. ಹೋಗಿ ನೋಡಿದರೆ ಬಂಡೆ ಇತ್ತು, ಎತ್ತರವೂ ಇತ್ತು, ನೀರು ಮಾತ್ರ ನಲ್ಲಿ ಸರಿಯಾಗಿ ತಿರುಗಿಸದೆ ಬಿಟ್ಟ ಹಾಗೆ ಒಂದು ಮೂಲೆಯಲ್ಲಿ ಇಳಿಯುತ್ತಿತ್ತು. ತಪ್ಪು ನಮ್ಮದೇ, ಮಳೆಗಾಲದಲ್ಲಿ ಬರಬೇಕಿತ್ತು. ಆದರೂ ಹೆದ್ದಾರಿಯಲ್ಲೇ ಒಂದು ಬೋರ್ಡ್ ಇರಲಿ. ಸಿನಿಮಾ ಟಾಕೀಸಿನ ಮುಂದೆ "ಹೌಸ್‌ಫುಲ್" ಅಂತ ತೂಗುಹಾಕುತ್ತಿದ್ದರಲ್ಲ, ಆ ಥರ. "ಇವತ್ತು ನೀರಿದೆ", "ಇವತ್ತು ಬರೀ ಬಂಡೆ". ಅಷ್ಟೇ ಸಾಕು. ತೂಗುಸೇತುವೆ ಇದೆ ಅನ್ನಿ, ಅದು ಬೇಸಿಗೆಯಲ್ಲೂ ತೂಗುತ್ತದೆ.

ಬೆಳಗಾವಿಯಲ್ಲಿ ಕುಂದಾ ತಿಂದೆವು. ಅದಕ್ಕೆ ಸಲಹೆ ಏನೂ ಇಲ್ಲ. ಡಬ್ಬಿಗೊಂದು ಬೀಗ ಬೇಕು, ಬಾದಾಮಿ ತಲುಪುವ ಮೊದಲೇ ಅರ್ಧ ಖಾಲಿ.

ಬಾದಾಮಿಯಲ್ಲಿ ಕೋತಿಗಳ ಮೇಲೆ ದೂರು ಹೇಳುವವರೇ ಜಾಸ್ತಿ. ನಾನು ಹೇಳುವುದಿಲ್ಲ. ಮೊದಲನೇ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಮಗಳು ಕೈ ಎಣಿಸುತ್ತಿದ್ದಳು. ಹನ್ನೊಂದಕ್ಕೆ ಬರುವಷ್ಟರಲ್ಲಿ ಹತ್ತೊಂಬತ್ತನೆಯ ಕೈ ಒಂದು ನನ್ನ ಚೀಲದೊಳಗೆ ಬಂತು. ಕೋಡುಬಳೆ ಪೊಟ್ಟಣ ಹೋಯಿತು. ಆಸಾಮಿ ಓಡಲೂ ಇಲ್ಲ. ಮೂರು ಮೆಟ್ಟಿಲು ಮೇಲೆ ಕೂತು, ಪೊಟ್ಟಣವನ್ನು ತಿರುಗಿಸಿ ನೋಡಿ, ಮೂಲೆಯನ್ನು ಹಲ್ಲಲ್ಲಿ ಕಚ್ಚಿ ನೀಟಾಗಿ ಹರಿಯಿತು. ನಾವು ಹರಿದರೆ ಅರ್ಧ ನೆಲಕ್ಕೆ ಚೆಲ್ಲುತ್ತೆ. ನನ್ನ ಸಲಹೆ: ಇವರನ್ನೇ ಗೇಟಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಿ. ಯಾರ ಚೀಲದಲ್ಲಿ ತಿಂಡಿ ಇದೆ, ಯಾರ ಹತ್ತಿರ ಪ್ಲಾಸ್ಟಿಕ್ ಇದೆ ಅನ್ನುವುದು ಇವರಷ್ಟು ಬೇಗ ಯಾವ ಮಷಿನ್ನೂ ಹೇಳಲ್ಲ.

ಐಹೊಳೆಗೆ ಬೇಕಾಗಿರುವುದು ಗುಡಿಗಳ ಹೆಸರಿನ ಕಥೆ ಹೇಳುವ ಫಲಕ. ದುರ್ಗದ ಗುಡಿ ಮುಂದೆ ಒಬ್ಬರು ಹೂವು, ಕಾಯಿ ಹಿಡಿದುಕೊಂಡು ದೇವಿಯನ್ನು ಹುಡುಕುತ್ತಿದ್ದರು. ಅದು ದುರ್ಗಾದೇವಿಯ ಹೆಸರಲ್ಲ, ದುರ್ಗ ಅಂದರೆ ಕೋಟೆ, ಅದರ ಪಕ್ಕದ ಗುಡಿ ಅಂತ ಹಾಗೆ ಕರೆದರು. ಲಾಡ್‌ಖಾನ್ ಗುಡಿ ಅಂದರೆ ಲಾಡ್‌ಖಾನ್ ಕಟ್ಟಿಸಿದ್ದಲ್ಲ. ಹಿಂದೆ ಯಾವಾಗಲೋ ಅವನು ಅಲ್ಲಿ ಮನೆ ಮಾಡಿಕೊಂಡಿದ್ದ, ಹೆಸರು ಅಂಟಿಕೊಂಡಿತು. ಸಾವಿರ ವರ್ಷಕ್ಕಿಂತ ಹಳೆಯ ಗುಡಿಗೆ ಬಾಡಿಗೆದಾರನ ಹೆಸರು! ಮಗಳಿಗೆ ಇದು ಭಾರಿ ಇಷ್ಟ ಆಯಿತು. ನಮ್ಮ ಮೈಸೂರಿನ ಮನೆಗೂ ಹಾಗೇ ಆಗುತ್ತಾ ಅಂತ ಕೇಳಿದಳು. ನಾವೂ ಬಾಡಿಗೆಗೇ ಇರುವುದು.

ಪಟ್ಟದಕಲ್ಲಿಗೆ ನೆರಳು ಬೇಕು. ವಿರೂಪಾಕ್ಷ ಗುಡಿಯೊಳಗೆ ಕಾಲಿಟ್ಟ ಕೂಡಲೇ ಸಿಗುವ ಆ ತಂಪು ಹೊರಗೂ ಒಂದಿಷ್ಟು ಸಿಕ್ಕರೆ ಜನ ನಿಧಾನವಾಗಿ ನೋಡುತ್ತಾರೆ. ನಾವಂತೂ ಅಂಗಳದ ಹುಲ್ಲು ದಾಟುವಾಗ ಓಡಿದೆವು.

ಅಮೀನಗಡದಲ್ಲಿ ಕರದಂಟು ಕೊಂಡೆವು. ಗೋಕಾಕದ ಡಬ್ಬಿಯೂ ಕಾರಿನಲ್ಲಿತ್ತು. ಕೊಲ್ಹಾರ ತಲುಪುವವರೆಗೂ ಎರಡರಲ್ಲಿ ಯಾವುದು ಮೇಲು ಅಂತ ಜಗಳ. ನನ್ನ ಓಟು ಅಮೀನಗಡಕ್ಕೆ, ಅಂಟು ಜಾಸ್ತಿ ಗರಿಗರಿ. ಗೋಕಾಕದವರು ಬಯ್ಯಬೇಡಿ, ನನ್ನ ಹೆಂಡತಿ ನಿಮ್ಮ ಕಡೆ ಇದ್ದಾಳೆ. ಕೊಲ್ಹಾರದಲ್ಲಿ ಗಡಿಗೆ ಮೊಸರು ತಿಂದ ಮೇಲೆ ಇಬ್ಬರೂ ಜಗಳ ಮರೆತೆವು. ಗಡಿಗೆ ಬೋರಲು ಹಾಕಿದರೂ ಮೊಸರು ಕದಲಲಿಲ್ಲ. ಅಲ್ಲೂ ಸಲಹೆ ಇಲ್ಲ.

ಈಗ ಗೋಳಗುಮ್ಮಟ. ಮಹಮ್ಮದ್ ಆದಿಲ್‌ಶಾಹನ ಗೋರಿ, ಕೆಲಸ ನಿಂತದ್ದು 1656ರಲ್ಲಿ. ನಡುವೆ ಒಂದೂ ಕಂಬ ಇಲ್ಲದೆ ಅಷ್ಟು ದೊಡ್ಡ ಗುಮ್ಮಟ ನಿಂತಿದೆ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲಿನ ಗ್ಯಾಲರಿಗೆ ಹೋದೆವು. ಅದರ ಹೆಸರೇ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಹೇಳಿದ್ದು ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳಿಸಬೇಕು. ಅಲ್ಲಿ ಪಿಸುಗುಟ್ಟುವವರು ಮಾತ್ರ ಒಬ್ಬರೂ ಇಲ್ಲ. ಎರಡು ಬಸ್ಸು ಶಾಲಾ ಮಕ್ಕಳು, ಒಂದು ಮದುವೆ ದಿಬ್ಬಣದಂಥ ಕುಟುಂಬ, ಎಲ್ಲರೂ "ಓ..." ಅಂತ ಕೂಗುತ್ತಿದ್ದರು. ಒಂದು ಕೂಗು ಏಳು ಸಲ ತಿರುಗಿ ಬರುತ್ತೆ ಅಂದರೆ ನೂರು ಮಕ್ಕಳ ಲೆಕ್ಕ ನೀವೇ ಹಾಕಿ. ನನ್ನ ಮಗಳೂ ಅದರಲ್ಲಿ ಸೇರಿದ್ದಳು, ಸುಳ್ಳು ಯಾಕೆ.

ಪಕ್ಕದಲ್ಲಿ ಇಂಡಿ ಕಡೆಯ ಹಿರಿಯರೊಬ್ಬರು ಗೋಡೆಗೊರಗಿ ಕೂತಿದ್ದರು. "ಯಾವಾಗ ಸುಮ್ಮನಾಗುತ್ತೆ ಇದು?" ಅಂದೆ. "ನೀವು ಬಾಯಿ ಮುಚ್ಚಿದ್ರ ಅದೂ ಮುಚ್ಚತೈತ್ರಿ" ಅಂದರು.

ಕಾದೆವು. ಮಕ್ಕಳ ಗುಂಪು ಇಳಿಯಿತು. ಅರ್ಧ ನಿಮಿಷ ನಿಶ್ಶಬ್ದ. ಆಚೆ ಕಡೆ ಹೆಂಡತಿ ಗೋಡೆಯ ಹತ್ತಿರ ಬಗ್ಗಿದ್ದು ಕಾಣಿಸಿತು. ಹದಿನಾಲ್ಕು ವರ್ಷದ ಸಂಸಾರ, ಇಂಥ ಜಾಗ, ಏನು ಹೇಳುತ್ತಾಳೋ ಅಂತ ಕಿವಿ ಒತ್ತಿದೆ. ನನ್ನ ಕಿವಿಯೊಳಗೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು: "ರೀ, ಕಾರ್ ಲಾಕ್ ಮಾಡಿದ್ರಾ?" ಗೋಡೆಗೊರಗಿದ್ದ ಆ ಹಿರಿಯರಿಗೂ ಕೇಳಿಸಿತ್ತು. "ಇಳದು ನೋಡ್ಕೊಂಡು ಬರ್ರಿ" ಅಂದು ನಕ್ಕರು. ಇಳಿದು ಹೋಗಿ ನೋಡಿದೆ. ಲಾಕ್ ಆಗಿತ್ತು. ಮತ್ತೆ ಹತ್ತಲಿಲ್ಲ.

ಹಾಗಾಗಿ ಇದೊಂದನ್ನು ಮಾತ್ರ ಗಂಭೀರವಾಗಿ ಹೇಳುತ್ತಿದ್ದೇನೆ. ಗಂಟೆಗೊಮ್ಮೆ ಹತ್ತು ನಿಮಿಷ ಗ್ಯಾಲರಿಯಲ್ಲಿ ಕೂಗಾಟ ಬಂದ್ ಮಾಡಿ, ಬರೀ ಪಿಸುಮಾತು. ಉಳಿದ ಐವತ್ತು ನಿಮಿಷ ಮಕ್ಕಳಿಗೆ. ಅವರ "ಓ..." ಕಸಿದುಕೊಂಡರೆ ಅದೂ ಪಾಪ.

ವಿಜಯಪುರದಲ್ಲೇ ಇರುವ ಮಲಿಕ್-ಎ-ಮೈದಾನ್ ಫಿರಂಗಿಗೂ ಒಂದು ಸಲಹೆ ಇದೆ. 55 ಟನ್ ತೂಕ, ಸಿಂಹದ ಬಾಯಿ, ಹಲ್ಲಿಗೆ ಸಿಕ್ಕಿದ ಆನೆ, ಇದೆಲ್ಲ ಕಣ್ಣಿಗೇ ಕಾಣುತ್ತೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗೆ ಇಟ್ಟರೆ ಬಂದ ದೊಡ್ಡ ಕೂಗು ಬರೀ 150 ರೂಪಾಯಿ, ಅದಕ್ಕೇ ಹರಾಜು ನಿಂತುಹೋಯಿತು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಜನ ಎರಡು ನಿಮಿಷ ಜಾಸ್ತಿ ನಿಲ್ಲುತ್ತಾರೆ.

ಬನಶಂಕರಿಯನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಮಾರುತ್ತಾರೆ. ಒಬ್ಬ ಅಜ್ಜಿಯ ಮುಂದೆ ಕೂತೆವು. ಜೋಳದ ರೊಟ್ಟಿ, ಅದರ ಮೇಲೇ ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು. ತಟ್ಟೆಯ ಕೆಲಸವೂ ರೊಟ್ಟಿಯದೇ. ಎರಡನೇ ರೊಟ್ಟಿಗೆ ನನ್ನ ರಿಪೇರಿ ಬುದ್ಧಿ ಎದ್ದಿತು. "ಅಜ್ಜಿ, ಏನೇನಿದೆ, ರೇಟೆಷ್ಟು ಅಂತ ಒಂದು ಬೋರ್ಡ್ ಹಾಕಿದ್ರೆ ಹೊಸಬರಿಗೆ ಅನುಕೂಲ ಅಲ್ವಾ?" ಅಂದೆ.

ಅಜ್ಜಿ ನನ್ನ ಮುಖ ನೋಡಿದಳು. "ಯಾ ಊರು ತಮ್ಮಾ?"

"ಮೈಸೂರು."

"ನಿಮ್ಮೂರಾಗ ಜ್ವಾಳ ಸಿಗಂಗಿಲ್ಲೇನು?"

"ಸಿಗುತ್ತೆ. ರೊಟ್ಟಿ ಬಡಿಯೋಕೆ ನಮಗೆ ಬರಲ್ಲ."

"ಹಂಗಾರ ಮೊದ್ಲ ಅದನ್ನ ಸರಿ ಮಾಡ್ಕೋ ಹೋಗು" ಅಂದು ಮೂರನೇ ರೊಟ್ಟಿ ಹಾಕಿದಳು.

ಮಗಳು ಅದನ್ನೂ ಪಟ್ಟಿಗೆ ಸೇರಿಸಿದಳು. ಮೈಸೂರು ಅಂತ ಬರೆದು, ಮುಂದೆ "ಅಜ್ಜಿಯ ದೂರು".