‘ಹಾಡೋದನ್ನೇ ಬಿಟ್ಬಿಡ್ಲಾ?’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೂವತ್ತು ದಾಟಿದ ಹಾಡುಗಾರ್ತಿ. ವಾರವಿಡೀ ಬೇರೆ ಕೆಲಸ, ವಾರದ ಕೊನೆಗೆ ಇಬ್ಬರು ಗೆಳೆಯರ ಜೊತೆ ಸಣ್ಣಪುಟ್ಟ ಜಾಗಗಳಲ್ಲಿ ಪ್ರೋಗ್ರಾಂ. ಹಾಡುವುದೂ ಅವರೇ, ಗಿಟಾರ್ ನುಡಿಸುವುದೂ ಅವರೇ. ನನ್ನ ಹತ್ತಿರ ಬಂದಾಗ ಮೊದಲು ಹೇಳಿದ್ದು ನಿದ್ದೆಯ ತೊಂದರೆ. ಪ್ರೋಗ್ರಾಂ ಮುಗಿಸಿ ಬಂದ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಮಾರನೇ ದಿನ ಮನೆಯವರ ಮೇಲೆ ರೇಗಾಟ. ತಂಡದ ಗೆಳೆಯರ ಜೊತೆಗೂ ಮಾತು ಕಡಿಮೆಯಾಗಿದೆ.

“ನಂಗೆ ಸ್ಟೇಜ್ ಭಯ ಶುರುವಾಗಿದೆ ಅನ್ಸುತ್ತೆ ಮೇಡಂ. ಹಾಡೋದನ್ನೇ ಬಿಟ್ಬಿಡ್ಲಾ?”

ಸ್ಟೇಜ್ ಭಯ ಇರುವವರಿಗೆ ಎದೆ ಹೊಡೆದುಕೊಳ್ಳುವುದು ಜಾಸ್ತಿ ಸ್ಟೇಜ್ ಹತ್ತುವ ಮುಂಚೆ. ಇವರ ಸಂಕಟವೆಲ್ಲ ಇಳಿದ ಮೇಲಿನದು. ಅದಕ್ಕೇ, ಕಳೆದ ಪ್ರೋಗ್ರಾಂ ಹೇಗಾಯ್ತು, ಆ ಜಾಗಕ್ಕೆ ಕಾಲಿಟ್ಟ ಗಳಿಗೆಯಿಂದ ಹೇಳಿ ಅಂದೆ.

ಸಂಜೆ ಐದಕ್ಕೆ ಸೌಂಡ್ ಚೆಕ್ ಅಂದಿದ್ದರು. ಇವರು ಐದಕ್ಕೆ ಹೋಗಿ ಕೂತರು. ಸೌಂಡ್‌ನವರು ಬಂದಾಗ ಏಳು ದಾಟಿತ್ತು. ಅಷ್ಟೊತ್ತಿಗೆ ಜನ ಬರೋಕೆ ಶುರು, ಸೌಂಡ್ ಚೆಕ್ ಇಲ್ಲ. ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ, ಡಿಐ ಬಾಕ್ಸ್, ತಂದಿರಲಿಲ್ಲ. ಉದ್ದದ ಕೇಬಲ್ ಎಳೆದು ನೇರ ಮಿಕ್ಸರ್‌ಗೆ ಚುಚ್ಚಿದರು, ದನಿ ಮಂಕಾಯಿತು. ಮೈಕ್ ಸ್ಟ್ಯಾಂಡಿನ ತಿರುಪು ಸವೆದಿತ್ತು. ಎರಡನೇ ಚರಣಕ್ಕೆ ಮೈಕ್ ನಿಧಾನಕ್ಕೆ ಗಲ್ಲದ ಕೆಳಗೆ ಜಾರಿತು. ಎರಡೂ ಕೈ ಗಿಟಾರ್ ಮೇಲೆ. ಮೈಕ್ ಜೊತೆ ಇವರೂ ಮಂಡಿ ಬಗ್ಗಿಸುತ್ತಾ ಹಾಡಿದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಇಡುವ ಸ್ಪೀಕರ್, ಅಂದರೆ ಮಾನಿಟರ್, ಇದ್ದದ್ದು ಒಂದೇ, ಅದೂ ಪಕ್ಕದಲ್ಲೆಲ್ಲೋ ಇತ್ತು. ದನಿ ಕೇಳ್ತಿಲ್ಲ ಅಂತ ಸನ್ನೆ ಮಾಡಿದರೆ ವಾಲ್ಯೂಮ್ ಏರಿಸಿದರು, ಕೂಡಲೇ ಕುಂಯ್ ಅಂತ ಕೂಗು. ಮುಕ್ಕಾಲು ಗಂಟೆ ಅಂದಿದ್ದನ್ನು ಆಯೋಜಕರು ಮೂರು ಹಾಡಿಗೆ ನಿಲ್ಲಿಸಿದರು. ದುಡ್ಡು ಕೇಳಿದರೆ ‘ಮುಂದಿನ ವಾರ ನೋಡೋಣ’. ಜೊತೆಗೆ ಒಂದು ಮಾತು: ‘ಇಷ್ಟು ಜನರ ಮುಂದೆ ಅವಕಾಶ ಸಿಕ್ತಲ್ಲ?’

ಅಳು ಬಂದಿದ್ದು ಆ ಮಾತು ಹೇಳುವಾಗ. ತಿರುಪಿನ ಕಥೆ ಹೇಳುವಾಗ ಬರೀ ಸಿಟ್ಟಿತ್ತು. “ನಾನು ಚೆನ್ನಾಗಿ ಹಾಡಿದ್ರೆ ಹೀಗೆಲ್ಲ ನಡೆಸ್ಕೋತಿದ್ರಾ?” ಅಂದರು.

ಗಂಟು ಇರುವುದು ಇಲ್ಲೇ ಅನ್ನಿಸಿತು. ಆಯೋಜಕರ ಬೇಜವಾಬ್ದಾರಿಯನ್ನು ಇವರು ತಮ್ಮ ಹಾಡಿನ ಬಗ್ಗೆ ಬಂದ ತೀರ್ಪು ಅಂತ ಓದಿಕೊಂಡಿದ್ದರು. ಹಾಗಾಗಿ ಮಾತಾಡಿದ್ದು ಮೊದಲು ಕಾರಣಗಳ ಬಗ್ಗೆ. ಹಾಡಲು ಬಳಸುವ ಬಹುಪಾಲು ಮೈಕ್‌ಗಳಿಗೆ ಮುಂದಿನ ಶಬ್ದ ಜಾಸ್ತಿ ಕೇಳುತ್ತದೆ, ಹಿಂದಿನದು ಕಡಿಮೆ. ಮಾನಿಟರ್ ಮೈಕಿನ ಬೆನ್ನ ಕಡೆ ಇದ್ದರೆ ಕೂಗು ತಡೆಯಬಹುದು. ಪಕ್ಕದಲ್ಲಿಟ್ಟು ಏರಿಸಿದರೆ ಅದರ ದನಿಯನ್ನೇ ಮೈಕ್ ಮತ್ತೆ ಹಿಡಿದು ಕೂಗುತ್ತದೆ. ಇನ್ನು, ಸದ್ದಿನ ನಡುವೆ ತನ್ನ ದನಿ ಕೇಳದಿದ್ದರೆ ಯಾರೇ ಆದರೂ ತಮಗೆ ಗೊತ್ತಿಲ್ಲದೆ ಜೋರಾಗುತ್ತಾರೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಬರೆದಿದ್ದಾರೆ. ಅವತ್ತು ಇವರ ಗಂಟಲು ಕಟ್ಟಿದ್ದಕ್ಕೆ, ಶ್ರುತಿ ಅಲುಗಾಡಿದ್ದಕ್ಕೆ ಇಷ್ಟೇ ಸಾಕು. ಪ್ರತಿಭೆಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇಂಥ ಸಂಜೆಗಳು ಸಾಲಾಗಿ ಬಂದಾಗ ಇನ್ನೊಂದು ಆಗುತ್ತದೆ. ಇವರು ತಮಗೆ ಬೇಕಾದ್ದನ್ನು ಆಯೋಜಕರ ಹತ್ತಿರ ಕೇಳುವುದನ್ನೇ ಬಿಟ್ಟಿದ್ದರು. ‘ಕೇಳಿ ಏನ್ ಪ್ರಯೋಜನ?’ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ ಹೆಸರಾದದ್ದು. ಏನು ಮಾಡಿದರೂ ನೋವು ತಪ್ಪದಿದ್ದಾಗ, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದರೂ ಬಹಳಷ್ಟು ನಾಯಿಗಳು ಸುಮ್ನೆ ಬಿದ್ದಿದ್ದವು. ಅಸಹಾಯಕತೆಯನ್ನು ಕಲಿಯುತ್ತೇವೆ ಅಂತ ಆಗ ಹೇಳಿದರು. 2016ರಲ್ಲಿ ಅದೇ ಇಬ್ಬರು ಆ ಮಾತನ್ನು ತಿದ್ದಿದರು. ದೀರ್ಘ ಸಂಕಟದಲ್ಲಿ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾದ್ದು ‘ನನ್ನ ಕೈಯಲ್ಲೂ ಏನೋ ಇದೆ’ ಅನ್ನುವುದನ್ನು. ನನ್ನ ಸಲಹೆಯೆಲ್ಲ ಇದರ ಮೇಲೇ ನಿಂತಿದೆ.

ಸಿಟ್ಟು ಬಿಡಿ, ಹೊಂದ್ಕೊಂಡು ಹೋಗಿ ಅಂತ ನಾನು ಹೇಳಲಿಲ್ಲ. ಆ ಸಿಟ್ಟು ನ್ಯಾಯವಾದದ್ದು. ಆದರೆ ಅದು ಪ್ರೋಗ್ರಾಂ ಮುಗಿದ ಮೇಲೆ ಮನೆಯವರ ಮೇಲೆ ಖರ್ಚಾಗುತ್ತಿತ್ತು. ಒಪ್ಪಿಕೊಳ್ಳುವ ಮುಂಚೆ, ಆಯೋಜಕರ ಮುಂದೆ, ಬರಹದಲ್ಲಿ ಖರ್ಚಾಗಲಿ ಅಂದೆ.

ಇಬ್ಬರೂ ಕೂತು ಒಂದು ಹಾಳೆ ಬರೆದೆವು. ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವ ಚಿತ್ರ. ಎಷ್ಟು ಮೈಕ್, ಎಷ್ಟು ಡಿಐ ಬಾಕ್ಸ್, ಮಾನಿಟರ್ ಎಲ್ಲಿ. ಸೌಂಡ್ ಚೆಕ್ ಎಷ್ಟಕ್ಕೆ, ಹಾಡಲು ಎಷ್ಟು ಹೊತ್ತು, ದುಡ್ಡು ಯಾವಾಗ, ಯಾರ ಕೈಯಿಂದ. ಅವತ್ತು ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಈ ಹಾಳೆ ಕಳಿಸಿ, ಉತ್ತರ ಬಂದ ಮೇಲೇ ಒಪ್ಪಿಕೊಳ್ಳಿ. ಒಬ್ಬ ಗೆಳೆಯ ಮಾತಾಡುವ ಹೊಣೆ ಹೊರಲಿ. ಹಾಡುವವರೇ ಜಗಳವನ್ನೂ ಆಡಬೇಕಾದರೆ ದನಿ ಎಲ್ಲಿಂದ ಬರಬೇಕು?

ಡಿಐ ಬಾಕ್ಸ್, ಒಂದು ಗಟ್ಟಿ ಸ್ಟ್ಯಾಂಡ್ ಮತ್ತು ಎರಡು ಕೇಬಲ್ ಸ್ವಂತದ್ದೇ ಇಟ್ಟುಕೊಳ್ಳಿ ಅಂದೆ. “ಅದು ಅವರ ಕೆಲಸ ಅಲ್ವಾ?” ಅಂತ ಕೇಳಿದರು. ಹೌದು, ಅವರದೇ ಕೆಲಸ. ಆದರೂ ತಮ್ಮ ಚೀಲದಲ್ಲಿ ಸ್ಟ್ಯಾಂಡ್ ಇದೆ ಅನ್ನುವ ನೆಮ್ಮದಿ ಇವರಿಗೇ ಸೇರಿದ್ದು.

ಕಿವಿಯ ವಿಷಯ ನಡುವೆ ಹಾಗೇ ಬಾಯಿಗೆ ಬಂತು. ಪ್ರೋಗ್ರಾಂ ಆದ ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತಂತೆ. ಇದನ್ನು ನಾನು ಹಗುರ ಮಾಡಲಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಹೋದರೆ 15 ನಿಮಿಷ ಅಷ್ಟೇ. ಸಂಗೀತಗಾರರ ಇಯರ್‌ಪ್ಲಗ್ ಹಾಕಿ, ಕಿವಿ ವೈದ್ಯರನ್ನು ನೋಡಿ ಅಂತ ಕಳಿಸಿದೆ. ನಿದ್ದೆಗೆಡಲು ಅದೂ ಒಂದು ಕಾರಣ ಇರಬಹುದಿತ್ತು.

ಮುಂದಿನ ಪ್ರೋಗ್ರಾಂ ಸುಸೂತ್ರವಾಗೇನೂ ಇರಲಿಲ್ಲ. ಸೌಂಡ್‌ನವರು ಮತ್ತೆ ತಡ. ಆದರೆ ಗೆಳೆಯ ಹಾಳೆ ತೋರಿಸಿ, ಮಾನಿಟರ್ ಸರಿಸಿ, ಹತ್ತು ನಿಮಿಷವಾದರೂ ಚೆಕ್ ಮಾಡಿಸಿದ. ಅಂದು ರಾತ್ರಿ ಮಲಗಿದೆ ಅಂದರು. ಇನ್ನೊಂದು ಕಡೆ ಹಾಳೆಗೆ ಉತ್ತರವೇ ಬರಲಿಲ್ಲ, ಇವರೇ ಬೇಡ ಅಂದುಬಿಟ್ಟರು. ‘ಅಹಂಕಾರ ಬಂತಾ?’ ಅಂತ ಯಾರೋ ಕೇಳಿದರಂತೆ. ಅದು ಎರಡು ದಿನ ಚುಚ್ಚಿತು.

ಉಳಿದಿರುವುದು ಹಳೇ ಗೆಳತಿಯೊಬ್ಬರ ವಿಷಯ. ಮೊದಲು ಸ್ಟೇಜ್ ಕೊಟ್ಟವರೇ ಅವರು, ದುಡ್ಡಿನ ಮಾತು ಎತ್ತದವರೂ ಅವರೇ. ಅವರಿಗೆ ಹಾಳೆ ಕಳಿಸಲು ಇವರಿಗೆ ಮನಸ್ಸು ಬರುತ್ತಿಲ್ಲ. ಕಳಿಸಬೇಡಿ, ಎದುರಿಗೆ ಕೂತು ಮಾತಾಡಿ ಅಂದಿದ್ದೇನೆ. ವರ್ಷಕ್ಕೊಮ್ಮೆ ನಿಮಗಾಗಿ ಪ್ರೀತಿಯಿಂದ ಹಾಡ್ತೀನಿ, ಉಳಿದದ್ದಕ್ಕೆ ದುಡ್ಡು ಮೊದಲೇ ಮಾತಾಡೋಣ ಅಂತ. ಇವರು ಇನ್ನೂ ಹೋಗಿಲ್ಲ. ಮುಂದಿನ ಸಲ ಬಂದಾಗ ಆ ಮಾತನ್ನು ನನ್ನೆದುರು ಒಮ್ಮೆ ಆಡಿ ನೋಡುತ್ತಾರಂತೆ.