ಉಬ್ಬಿರುವುದು ನರವಲ್ಲ!

ಪ್ರಶ್ನೆ: ಅಮ್ಮನ ಕಾಲಲ್ಲಿ ನೀಲಿ ನರಗಳು ಉಬ್ಬಿವೆ. ಸ್ಕ್ಯಾನ್ ವರದಿಯಲ್ಲಿ ‘ವೆರಿಕೋಸ್ ವೇನ್’ ಎಂದಿದೆ. ನರರೋಗ ತಜ್ಞರಿಗೆ ತೋರಿಸಬೇಕೇ ಡಾಕ್ಟರ್?

ಉತ್ತರ: ಬೇಡಮ್ಮ. ರಕ್ತನಾಳದ ಸರ್ಜನ್‌ಗೆ ತೋರಿಸಿ. ತಪ್ಪು ನಿಮ್ಮದಲ್ಲ, ನಮ್ಮ ‘ನರ’ ಎಂಬ ಪದದ್ದು. ಇಂಜೆಕ್ಷನ್ ಕೊಡುವಾಗ ನರ್ಸ್ ಕೂಡ ‘ನರ ಸಿಗ್ತಿಲ್ಲ’ ಅಂತಾರೆ. ಅವರು ಹುಡುಕುತ್ತಿರುವುದು ವೇನ್, ಅಂದರೆ ಅಭಿಧಮನಿ. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ ಅದು.

ಕೈ ಇಳಿಬಿಟ್ಟು ನೋಡಿ, ಮುಂಗೈ ಮೇಲೆ ನೀಲಿ ಗೆರೆಗಳು ಉಬ್ಬುತ್ತವೆ. ತಲೆಗಿಂತ ಮೇಲಕ್ಕೆತ್ತಿ, ಇಳಿದುಹೋಗುತ್ತವೆ. ನರವಾಗಿದ್ದರೆ ಹೀಗಾಗದು. ಮುಷ್ಟಿ ಬಿಗಿದು ಮಣಿಕಟ್ಟು ಒಳಕ್ಕೆ ಬಾಗಿಸಿದಾಗ ತಂತಿಯಂತೆ ಎದ್ದು ನಿಲ್ಲುತ್ತದಲ್ಲ, ಅದೂ ನರವಲ್ಲ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಹೆಬ್ಬೆರಳ ಬುಡದಲ್ಲಿ ಮಿಡಿಯುವುದು ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ. ನಿಜವಾದ ನರ, ಅಂದರೆ ಮೆದುಳಿಗೂ ದೇಹಕ್ಕೂ ನಡುವೆ ಸಂದೇಶ ಒಯ್ಯುವ ನರ್ವ್, ಬೇಕೆ? ಮೊಣಕೈ ಒಳಬದಿ ಗೋಡೆಗೆ ತಗುಲಿದಾಗ ಕಿರುಬೆರಳವರೆಗೂ ಜುಮ್ ಎನ್ನುತ್ತದಲ್ಲ, ಅಲ್ಲಿದೆ.

ಪ್ರಾಕ್ಟೀಸಿನ ಮೊದಲ ವರ್ಷ ಒಬ್ಬರು ‘ನರ ಹಿಡಿದಿದೆ’ ಎಂದರು. ಅರ್ಧ ಗಂಟೆ ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿದೆ. ಕೊನೆಗೆ ಅವರು ಬೆರಳಿಟ್ಟು ತೋರಿಸಿದ್ದು ಮಂಡಿ ಹಿಂದಿನ ಟೆಂಡನ್! ಅಂದಿನಿಂದ ‘ನರ’ ಎಂದವರಿಗೆಲ್ಲ ಮೊದಲು ‘ಎಲ್ಲಿ, ಮುಟ್ಟಿ ತೋರಿಸಿ’ ಅಂತೀನಿ.

ಅಮ್ಮನ ವಿಷಯಕ್ಕೆ ಬರೋಣ. ಕಾಲಿನ ಅಭಿಧಮನಿಯೊಳಗೆ ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗುತ್ತದೆ, ಸೊಟ್ಟಾಗುತ್ತದೆ. ‘ನರದ ಶಕ್ತಿಗೆ’ ಅಂತ ವಿಟಮಿನ್ ಮಾತ್ರೆ ನುಂಗಿಸುತ್ತಿದ್ದರೆ, ಅದರಿಂದ ಈ ಉಬ್ಬು ಇಳಿಯುವುದಿಲ್ಲ. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿದ್ದರೆ ಅಥವಾ ಹುಣ್ಣಾಗಿದ್ದರೆ ತಡಮಾಡಬೇಡಿ.