ಚಟ್ನಿ ಯಾವಾಗಿನದು?

ಇದು ಮುಂಬೈನ ಮುಲುಂಡಿನ ಒಂದು ಕನ್ನಡ ಮನೆಯ ವಿಷಯ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಮನು ಅನ್ನೋಣ. ವಯಸ್ಸು 14, ಆಟಿಸಂ ಇದೆ, ಅಂದರೆ ಮಾತು, ಒಡನಾಟ, ಲೋಕವನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆ. ಅಪ್ಪನದು ಚಿಕ್ಕ ಉಡುಪಿ ಹೋಟೆಲ್.

ತಾಯಿ ಎರಡು ದೂರು ಹೊತ್ತು ನನ್ನ ಹತ್ತಿರ ಬಂದಿದ್ದರು. ಒಂದು ಶಾಲೆಯದು. ಪರೀಕ್ಷೆ ನಡೆಯುತ್ತಿರುವಾಗಲೇ ಮನು ಎದ್ದು ನಿಂತು, ಪಕ್ಕದವನು ಕಾಪಿ ಹೊಡೆಯುತ್ತಿದ್ದಾನೆ ಅಂತ ಜೋರಾಗಿ ಹೇಳಿದ್ದ. ಅಂದಿನಿಂದ ಯಾರೂ ಅವನ ಜೊತೆ ಡಬ್ಬಿ ಬಿಚ್ಚುವುದಿಲ್ಲ. ಇನ್ನೊಂದು ಹೋಟೆಲಿನದು. ಭಾನುವಾರ ಅಪ್ಪನ ಪಕ್ಕ ಗಲ್ಲಾದಲ್ಲಿ ಕೂತಿದ್ದಾಗ ಗಿರಾಕಿಯೊಬ್ಬರು, "ಚಟ್ನಿ ತಾಜಾ ಹೈ ನಾ?" ಅಂತ ಹಿಂದಿಯಲ್ಲಿ ಕೇಳಿದರು. ಮನು, "ನಹೀ, ಸುಬಹ್ ಛೇ ಬಜೇ ಕೀ ಹೈ" (ಇಲ್ಲ, ಬೆಳಗ್ಗೆ ಆರು ಗಂಟೆಯದು) ಅಂದ. ಆಗ ಸಂಜೆ ನಾಲ್ಕೂವರೆ. ಗಿರಾಕಿ ಎದ್ದು ಹೋದರು.

"ಎಲ್ಲಿ ಏನು ಮಾತಾಡ್ಬೇಕು ಅಂತ್ಲೇ ಗೊತ್ತಿಲ್ಲ ಮೇಡಂ. ಇವನಿಗೆ ಸುಮ್ನೆ ಇರೋದನ್ನ ಕಲಿಸಿ."

ಇವನಲ್ಲಿ ಒಳ್ಳೆಯ ಗುಣ ಯಾವುದು ಅಂತ ಕೇಳಿದೆ. ನೆನಪಿನ ಶಕ್ತಿ ಅಂದರು. ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಸ್ಟೇಷನ್‌ಗಳನ್ನು ಹಿಂದುಮುಂದಾಗಿ ಹೇಳುತ್ತಾನಂತೆ. ಅದು ಜಾಣತನ. ನಾನು ಕೇಳಿದ್ದು ಸ್ವಭಾವದ ಬಗ್ಗೆ. 2004ರಲ್ಲಿ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಇಂಥ 24 ಗುಣಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ನೆನಪಿನ ಶಕ್ತಿ ಇಲ್ಲ. ಪ್ರಾಮಾಣಿಕತೆ, ನ್ಯಾಯಬುದ್ಧಿ, ದಯೆ, ಕುತೂಹಲ, ಹಿಡಿದ ಕೆಲಸ ಬಿಡದಿರುವುದು ಇವೆಲ್ಲ ಇವೆ. ಮೊದಲಿನ ಎರಡು ಗುಣಗಳನ್ನು ಆ ತಾಯಿ ದೂರಿನ ರೂಪದಲ್ಲಿ ಆಗಲೇ ಹೇಳಿ ಮುಗಿಸಿದ್ದರು!

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಆ ಪಟ್ಟಿ ಇಟ್ಟುಕೊಂಡು ಕನ್ನಡದಲ್ಲಿ ಒಂದಷ್ಟು ವಾಕ್ಯ ಬರೆದು, ಹೌದು-ಅಲ್ಲ ಗುರುತು ಹಾಕು ಅಂತ ಮನುವಿಗೆ ಕೊಟ್ಟೆ. 'ನಾನು ಯಾವಾಗಲೂ ನಿಜ ಹೇಳುತ್ತೇನೆ' ಅನ್ನುವಲ್ಲಿ ಪೆನ್ಸಿಲ್ ನಿಂತಿತು. ಹತ್ತು ನಿಮಿಷ ಹಾಗೇ ಕೂತ. ಕೊನೆಗೆ, "ಎರಡನೇ ಕ್ಲಾಸಲ್ಲಿ ಒಂದ್ಸಲ ಹಲ್ಲುಜ್ಜಿದೆ ಅಂದಿದ್ದೆ. ಉಜ್ಜಿರಲಿಲ್ಲ" ಅಂದು 'ಅಲ್ಲ'ಕ್ಕೆ ಗುರುತು ಹಾಕಿದ. ಇಷ್ಟು ಪ್ರಾಮಾಣಿಕ ಹುಡುಗನಿಗೆ ಪ್ರಾಮಾಣಿಕತೆಯಲ್ಲಿ ಸೊನ್ನೆ! ಹಾಳೆ ಮಡಚಿ ಒಳಗಿಟ್ಟೆ.

ಇಂಥ ಮಕ್ಕಳಿಗೆ ಗುಣದ ಹೆಸರು ಹೇಳಿದರೆ ಸಾಲದು, ನಡೆದ ಸಂಗತಿ ಬೇಕು. ತಾಯಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. "ಗುಡ್ ಬಾಯ್" ಅಂತ ಬರೆಯಬೇಡಿ. "ಮಂಗಳವಾರ ಅಂಗಡಿಯವರು 20 ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟರು, ಮನು ವಾಪಸ್ ಕೊಟ್ಟ. ಇದು ಪ್ರಾಮಾಣಿಕತೆ" ಅಂತ ಬರೆದು ಅವತ್ತೇ ಓದಿ ಹೇಳಿ ಅಂದೆ. ಮೂರು ವಾರದಲ್ಲಿ ಅವನೇ, "ಅಮ್ಮ, ಇದನ್ನೂ ಬರಿ" ಅನ್ನತೊಡಗಿದ.

ಗುಣ ಗೊತ್ತಾಯಿತು, ಅದನ್ನು ಎಲ್ಲಿ ಬಳಸಬೇಕು ಅನ್ನುವುದು ಬಾಕಿ ಇತ್ತು. ಪರೀಕ್ಷೆಯ ವಿಷಯ ಬೇಗ ಬಗೆಹರಿಯಿತು. "ನಿನ್ನ ಪೇಪರ್ ನಿನ್ನದು, ಬೇರೆಯವರ ಪೇಪರ್ ನೋಡೋದು ಟೀಚರ್ ಕೆಲಸ" ಅಂದೆ. ಯಾರ ಕೆಲಸ ಯಾವುದು ಅಂತ ಸ್ಪಷ್ಟವಾದರೆ ಅವನಿಗೆ ಸಾಕು. ಸೈನ್ಸ್ ಟೀಚರ್‌ಗೆ ಒಂದು ಮಾತು ಹೇಳಿ ಅಂತ ತಾಯಿಗೆ ಸೂಚಿಸಿದೆ. ಈಗ ಪ್ರಾಕ್ಟಿಕಲ್‌ನಲ್ಲಿ ಅವನ ಗುಂಪಿನ ರೀಡಿಂಗ್ ಬರೆಯುವುದು ಮನುವೇ. ಥರ್ಮಾಮೀಟರಿನಲ್ಲಿ ಕಂಡದ್ದನ್ನೇ ಬರೆಯುತ್ತಾನೆ, ಉತ್ತರಕ್ಕೆ ಹೊಂದಿಸುವುದಿಲ್ಲ.

ಕಷ್ಟವಾದದ್ದು ಹೋಟೆಲ್. "ವ್ಯಾಪಾರದಲ್ಲಿ ಸ್ವಲ್ಪ ಹಾಗೆ ಹೀಗೆ ಇರುತ್ತೆ ಮೇಡಂ" ಅಂದರು ತಂದೆ. ಸುಳ್ಳು ಹೇಳುವುದನ್ನು ನಾನು ಕಲಿಸುವುದಿಲ್ಲ, ನೀವೂ ಕಲಿಸಬೇಡಿ ಅಂದೆ. ಮುಂಬೈ ಸೆಖೆಗೆ ತೆಂಗಿನಕಾಯಿ ಚಟ್ನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಗಲ್ಲಾದ ಬದಲು ಅಡುಗೆಮನೆಯಲ್ಲಿ ಒಂದು ಕೆಲಸ ಕೊಡಿ ಅಂದೆ. ಭಾನುವಾರ ಚಟ್ನಿ ರುಬ್ಬಿದ ಹೊತ್ತನ್ನು ಬರೆದಿಡುವುದು, ಹಳತಾದರೆ ಮೊದಲು ಅಪ್ಪನಿಗೆ ಹೇಳುವುದು. ಅಡುಗೆ ಭಟ್ಟರಿಗೆ ಇದು ಇಷ್ಟವಾಗಲಿಲ್ಲ, ಈಗಲೂ ಗೊಣಗುತ್ತಾರೆ. ಆದರೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ರುಬ್ಬುತ್ತಾರೆ.

ಕಳೆದ ಸಲ ನಾನು ಏಳುವ ಹೊತ್ತಿಗೆ ಮನು ಅಮ್ಮನ ಕಿವಿಯಲ್ಲಿ ಏನೋ ಕೇಳಿದ. ಅವರು ಮುಜುಗರದಿಂದ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, 45 ನಿಮಿಷ ಅಂದಿದ್ರಿ. ಈಗ 41 ಆಗಿದೆ" ಅಂದ.

ಮತ್ತೆ ಕೂತೆ.